ಬೆಕ್ಕಿನ ತಲೆಗೆ ಕಟ್ಟಿದ್ದು

ಸದ್ದು ಕೇಳಿದಾಗ ನಾನು ಹಲ್ಲುಜ್ಜುತ್ತಿದ್ದೆ. ತೆಂಗಿನಕಾಯಿ ಬಿದ್ದ ಸದ್ದಲ್ಲ, ಗಾಳಿಗೆ ಬಾಗಿಲು ಬಡಿದ ಸದ್ದೂ ಅಲ್ಲ. ಒದ್ದೆ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಒಂದೇ ಸಲ ಅಪ್ಪಳಿಸಿದ ಹಾಗೆ, 'ಧಬ್' ಅಂತ.

"ಏನೋ ಅದು?" ಅಮ್ಮ ಅಡುಗೆಮನೆಯಿಂದ ಕೂಗಿದಳು.

2024ರ ದೀಪಾವಳಿಗೆ ಇನ್ನೆರಡು ದಿನ ಇತ್ತು. ಹಬ್ಬಕ್ಕೆ ಅಂತ ಬೆಂಗಳೂರಿನಿಂದ ಊರಿಗೆ ಬಂದಿದ್ದೆ. ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಹಿಂದಿನ ದಿನ ಮಧ್ಯಾಹ್ನವೆಲ್ಲ ಕೂತು ಚಾವಡಿಯ ದೊಡ್ಡ ಗಾಜನ್ನು ಸೋಪಿನ ನೀರು ಹಾಕಿ ತೊಳೆದು, ಹಳೇ ಪೇಪರ್ ಮುದ್ದೆಯಿಂದ ಉಜ್ಜಿ ಉಜ್ಜಿ ಒರೆಸಿದ್ದೆ. ಗಾಜು ಇದೆಯೋ ಇಲ್ಲವೋ ಅನ್ನುವ ಹಾಗೆ ಫಳಫಳ ಅಂತಿತ್ತು. ನನ್ನ ಕೆಲಸಕ್ಕೆ ನಾನೇ ಶಹಬ್ಬಾಸ್ ಅಂದ್ಕೊಂಡು ಮಲಗಿದ್ದೆ.

ಬ್ರಷ್ ಬಾಯಲ್ಲಿಟ್ಟುಕೊಂಡೇ ಚಾವಡಿಗೆ ಬಂದೆ. ಗಾಜಿನ ಮೇಲೆ ಒಂದು ಹಕ್ಕಿ ಇತ್ತು.

ಹಕ್ಕಿ ಅಂದ್ರೆ ಹಕ್ಕಿಯ ಅಚ್ಚು. ಬೂದಿಯಲ್ಲಿ ಬರೆದ ಹಾಗೆ. ಎರಡೂ ರೆಕ್ಕೆ ಪೂರ್ತಿ ಚಾಚಿತ್ತು. ಎಡ ರೆಕ್ಕೆಯ ಒಂದೊಂದು ಗರಿಯನ್ನೂ ಬೆರಳಿಟ್ಟು ಎಣಿಸಬಹುದಿತ್ತು. ಬಲ ರೆಕ್ಕೆ ತುದಿಯ ಹತ್ತಿರ ಜಾರಿದಂತಿತ್ತು, ಬಳಪದ ಗೆರೆಯನ್ನು ಅಂಗೈಯಿಂದ ಒರೆಸಿದಾಗ ಆಗುತ್ತಲ್ಲ, ಹಾಗೆ. ನಡುವೆ ಎದೆ ತಾಗಿದ ಕಡೆ ದುಂಡನೆಯ ಮಬ್ಬು. ತಲೆ ಒಂದು ಪಕ್ಕಕ್ಕೆ ಹೊರಳಿತ್ತು. ಕಣ್ಣು ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಉಂಗುರ. ನೇರ ನಿಂತರೆ ಅಷ್ಟಾಗಿ ಕಾಣುತ್ತಿರಲಿಲ್ಲ. ಸ್ವಲ್ಪ ಓರೆಯಾಗಿ, ತೋಟದ ಕಡೆಯ ಬೆಳಕಿಗೆ ಹಿಡಿದು ನೋಡಿದರೆ ಪೂರ್ತಿ ಎದ್ದು ಕಾಣುತ್ತಿತ್ತು.

ಅಮ್ಮ ಸೌಟು ಹಿಡ್ಕೊಂಡೇ ಬಂದಳು. ನೋಡಿದಳು. "ಅಯ್ಯೋ ಶಿವನೇ" ಅಂದಳು, ಅಷ್ಟೇ.

ಹೊರಗೆ ಹೋಗಿ ಹುಡುಕಿದೆ. ಗಾಜಿನ ಕೆಳಗೆ ಏನೂ ಇರಲಿಲ್ಲ. ಹಾರಿ ಹೋಯ್ತೇನೋ ಅಂದ್ಕೊಂಡೆ. ಆದರೆ ಪುಟ್ಟಿ, ನಮ್ಮ ಮನೆ ಬೆಕ್ಕು, ದಾಸವಾಳದ ಗಿಡದ ಬುಡವನ್ನೇ ನೋಡ್ತಾ ಬಾಲ ಆಡಿಸ್ತಿತ್ತು. ಅದನ್ನು ಓಡಿಸಿ ಬಗ್ಗಿ ನೋಡಿದರೆ ಹಕ್ಕಿ ಅಲ್ಲಿ ಕೂತಿದೆ. ಮೈ ಉಬ್ಬಿಸಿಕೊಂಡು, ಕೊಕ್ಕು ಸ್ವಲ್ಪ ತೆರೆದು, ಕಣ್ಣು ಅರ್ಧ ಮುಚ್ಚಿ. ಪಚ್ಚೆ ಬಣ್ಣದ ರೆಕ್ಕೆ, ಮಾಗಿದ ನೇರಳೆಯ ರಸ ಬಟ್ಟೆಗೆ ಹತ್ತಿ ಒಗೆದ ಮೇಲೆ ಉಳಿಯುತ್ತಲ್ಲ, ಅಂಥ ಬಣ್ಣದ ಎದೆ, ಕೆಂಪು ಕೊಕ್ಕು. ಅಮ್ಮ "ಚೋರೆ ಜಾತೀದು" ಅಂದಳು. ಪಾರಿವಾಳ, ಚೋರೆಗಳ ಕುಟುಂಬದ್ದೇ ಅದು, ಇಂಗ್ಲಿಷಿನಲ್ಲಿ ಎಮರಾಲ್ಡ್ ಡವ್. ತಮಿಳುನಾಡಿನ ರಾಜ್ಯಪಕ್ಷಿಯೂ ಹೌದು. ಅಡಿಕೆ ತೋಟದ ನೆಲದಲ್ಲಿ ಓಡಾಡಿಕೊಂಡು ಕಾಳು, ಬಿದ್ದ ಹಣ್ಣು ಹೆಕ್ಕುತ್ತದೆ. ಗಾಬರಿಯಾದರೆ ಮರಗಳ ನಡುವೆ ತಗ್ಗಿನಲ್ಲೇ, ನೇರ, ಬಾಣ ಬಿಟ್ಟ ಹಾಗೆ ಹಾರುತ್ತದೆ. ಆ ಹಾರಾಟಕ್ಕೆ ನಮ್ಮ ಗಾಜು ಎದುರಾಗಿದ್ದು.

"ಬಾಯಿಗೆ ಎರಡು ಹನಿ ನೀರು ಬಿಡೋ, ಪಾಪ" ಅಂತ ಅಮ್ಮನ ಒತ್ತಾಯ. ಎಲ್ಲರೂ ಮೊದಲು ಮಾಡುವುದೇ ಅದು, ಅಲ್ವಾ? ಆದರೆ ಪ್ರಜ್ಞೆ ಸರಿ ಇಲ್ಲದ ಹಕ್ಕಿಯ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸನಾಳಕ್ಕೆ ಹೋಗಿ, ಬದುಕಬಹುದಾದ ಹಕ್ಕಿಯೂ ಸಾಯಬಹುದು. ಮಿಕ್ಸಿ ಬಂದ ರಟ್ಟಿನ ಡಬ್ಬ ಅಟ್ಟದಲ್ಲಿತ್ತು. ಅದಕ್ಕೆ ನಾಲ್ಕು ತೂತು ಹೊಡೆದು, ಹಳೇ ಟವೆಲ್ ಹಾಸಿ, ಹಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟೆ. ಏನೂ ಭಾರವಿಲ್ಲ. ಬೆರಳಿಗೆ ಎದೆಬಡಿತ ಮಾತ್ರ ಗೊತ್ತಾಗ್ತಿತ್ತು, ಹೊಲಿಗೆ ಮಿಷಿನ್ ಓಡಿದ ಹಾಗೆ. ಮುಚ್ಚಳ ಹಾಕಿ ಕತ್ತಲೆ ಕೋಣೆಯಲ್ಲಿಟ್ಟು ಬಾಗಿಲೆಳೆದೆ. ಕತ್ತಲು, ನಿಶ್ಶಬ್ದ, ಒಂದೆರಡು ಗಂಟೆ ಹೊತ್ತು. ನಮ್ಮಂಥವರು ಮಾಡಬಹುದಾದ್ದು ಅಷ್ಟೇ. ತೆರೆದು ತೆರೆದು ನೋಡಬಾರದು. ಅಮ್ಮ ಎರಡು ಸಲ ತೆರೆದು ನೋಡಿದಳು.

ಕೈ ನೋಡಿಕೊಂಡರೆ ಬೆರಳಿಗೆಲ್ಲ ಬೂದು ಪುಡಿ. ಪೌಡರ್ ಹಾಗೆ ನುಣ್ಣಗೆ. ಗಾಜಿನ ಮೇಲಿದ್ದದ್ದೂ ಅದೇ. ಪಾರಿವಾಳ, ಚೋರೆಗಳ ಮೈಮೇಲೆ ವಿಶೇಷವಾದ ಮೆತ್ತನೆ ಪುಕ್ಕಗಳಿರುತ್ತವೆ. ಅವು ತುದಿಯಿಂದ ಉದುರುತ್ತಾ ಪುಡಿಯಾಗುತ್ತವೆ. ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್. ಹಕ್ಕಿ ಅದನ್ನು ಮೈಯೆಲ್ಲ ಹರಡಿಕೊಳ್ಳುತ್ತದೆ. ಗರಿ ಒದ್ದೆಯಾಗದ ಹಾಗೆ ಕಾಯಲು ಅದು ನೆರವಾಗುತ್ತದೆ. ಗಾಜಿಗೆ ಬಡಿದಾಗ ಆ ಪುಡಿಯೇ ಅಚ್ಚೊತ್ತುವುದು.

ಇದನ್ನೆಲ್ಲ ಅಮ್ಮನಿಗೆ ಹೇಳ್ತಾ ಇದ್ದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಅಂಗಳದಲ್ಲಿ ಪುಟ್ಟಿಯನ್ನೇ ನೋಡ್ತಿದ್ದಳು. ಆಮೇಲೆ ನಿಧಾನಕ್ಕೆ ಅಂದಳು:

"ಹಂಗಾದ್ರೆ ಆ ಉಳಿದವೆಲ್ಲ ಇದರ ಕೆಲಸ ಅಲ್ವೇನೋ?"

"ಯಾವ ಉಳಿದವು?"

ಮನೆ ಹೊಸದು ಮಾಡಿ ಮೂರು ವರ್ಷ. ಈ ಮೂರು ವರ್ಷದಲ್ಲಿ ಆ ದಾಸವಾಳದ ಬುಡದಲ್ಲಿ, ಜಗಲಿ ಮೂಲೆಯಲ್ಲಿ ಅವಳು ಗುಡಿಸಿ ಎಸೆದ ಹಕ್ಕಿಗಳು. ಒಂದು ಪಿಕಳಾರ. ಹಸಿರು ಬಣ್ಣದ್ದು ಒಂದು, ಹಲಸಿನ ಮರದಲ್ಲಿ ಕುಟ್ರು ಕುಟ್ರು ಅಂತ ದಿನವಿಡೀ ಕೂಗುತ್ತದಲ್ಲ, ಅದು. ಎರಡು ಚೋರೆ. "ಮತ್ತೊಂದು ಚಂದದ್ದಿತ್ತು ಕಣೋ. ಬಾಲ ಮೋಟು. ಹೊಟ್ಟೆ ಕೆಳಗೆ ಕುಂಕುಮದ ಹಾಗೆ ಕೆಂಪು, ರೆಕ್ಕೆ ಹಸಿರು, ನೀಲಿ. ಕಣ್ಣಿಗೆ ಕಾಡಿಗೆ ಹಚ್ಚಿದ ಹಂಗೆ. ಬೆಕ್ಕು ಹಿಡ್ದು ತಂದು ಹಾಕಿದೆ ಅಂದ್ಕೊಂಡೆ. ಅವತ್ತು ಅದಕ್ಕೆ ಹಾಲೇ ಹಾಕ್ಲಿಲ್ಲ. ಹಿಡಿ ತಗೊಂಡು ಎರಡು ಕೊಟ್ಟೆ ಸಹ."

ಬಾಲ ಮೋಟು, ಮೈತುಂಬ ಬಣ್ಣ. ಅದು ನವರಂಗ. ಮಳೆಗಾಲ ಮುಗಿಯುವ ಹೊತ್ತಿಗೆ ಹಿಮಾಲಯದ ತಪ್ಪಲಿನಿಂದ, ಉತ್ತರದ ಕಾಡುಗಳಿಂದ ಹೊರಟು ರಾತ್ರಿ ಹೊತ್ತು ಹಾರುತ್ತಾ ದಕ್ಷಿಣಕ್ಕೆ ಬರುವ ಹಕ್ಕಿ. ಸಾವಿರ ಮೈಲಿ ಹಾರಿ ನಮ್ಮ ಅಂಗಳದ ತನಕ ಬಂದು, ನಾನು ಹಠ ಹಿಡಿದು ಹಾಕಿಸಿದ ಗಾಜಿಗೆ ಬಡಿದು ಸತ್ತಿದೆ. ಪೊರಕೆ ಏಟು ಪುಟ್ಟಿಗೆ.

ಹೌದು, ಆ ಗಾಜು ನನ್ನದೇ ಹಠ. ಹಳೇ ಹಂಚಿನ ಮನೆಯ ಕಿಟಕಿಗಳಿಗೆ ಮರದ ಸರಳು, ಮರದ ಕದ. ಗಾಜಿನ ಮಾತೇ ಇರಲಿಲ್ಲ. ಗುಬ್ಬಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗ್ತಿತ್ತು. ದೇವರ ಪಟದ ಹಿಂದೆ ಗೂಡು ಕಟ್ಟಿ ಹುಲ್ಲು ಉದುರಿಸಿ ಬೈಸಿಕೊಳ್ತಿತ್ತು. ಹೊಸ ಮನೆಗೆ ನಾನು ಬೆಂಗಳೂರಿನ ತಲೆ ಓಡಿಸಿದೆ. ಚಾವಡಿಯಲ್ಲಿ ಕೂತರೆ ತೋಟ ಪೂರ್ತಿ ಕಾಣಬೇಕು ಅಂತ ಎಂಟಡಿ ಅಗಲ, ಆರಡಿ ಎತ್ತರದ ಗಾಜು. ಒಳಗಿನವರು ಹೊರಗೆ ಕಾಣಬಾರದು ಅಂತ ಕಂದು ಬಣ್ಣದ ಕನ್ನಡಿ ಗಾಜು. ಒಳಗಿಂದ ನೂರು ಸಲ ನೋಡಿ ಖುಷಿಪಟ್ಟಿದ್ದೇನೆ. ಹೊರಗೆ ನಿಂತು ನೋಡಿದ್ದು ಅವತ್ತೇ ಮೊದಲು.

ತೋಟದ ಅಂಚಿಗೆ ಹೋಗಿ ಮಂಡಿಯೂರಿ ಕೂತೆ, ಆ ಹಕ್ಕಿ ಹಾರುವ ಎತ್ತರಕ್ಕೆ. ಮನೆ ಇರಬೇಕಾದ ಜಾಗದಲ್ಲಿ ಇನ್ನೊಂದು ತೋಟ. ಅಡಿಕೆ ಮರದ ಸಾಲು, ಅದರ ಮೇಲೆ ಬೆಳಗಿನ ಬಿಸಿಲು, ಬಾಳೆ, ತುದಿಯಲ್ಲಿ ಒಂದು ತುಂಡು ಆಕಾಶ. ನಾನು ಒರೆಸಿದ ಮೇಲಂತೂ ಒಂದು ಕಲೆಯಿಲ್ಲ. ನಾನಾಗಿದ್ದರೂ ಆ ಕಡೆಗೇ ಹಾರುತ್ತಿದ್ದೆ.

ಸ್ನಾನ ಮಾಡಿ, ತಿಂಡಿ ತಿಂದು, ಒಂಬತ್ತೂವರೆಗೆ ಡಬ್ಬವನ್ನು ಅಂಗಳಕ್ಕೆ ತಂದೆ. ಮನೆಯೊಳಗೆ ತೆರೆದರೆ ಮತ್ತೆ ಕಿಟಕಿಗೇ ಬಡಿಯುತ್ತದೆ. ಗಾಜಿಗೆ ಬೆನ್ನು ಮಾಡಿ ಕೂತು ಮುಚ್ಚಳ ತೆಗೆದೆ. ಹಕ್ಕಿ ಒಂದು ನಿಮಿಷ ಸುಮ್ನೆ ಕೂತಿತ್ತು. ಆಮೇಲೆ ರೆಕ್ಕೆ ಪಟಪಟ ಬಡಿದು, ಡಬ್ಬದ ಅಂಚಿಗೆ ಕಾಲು ತಾಗಿಸಿ, ಅಡಿಕೆ ಮರಗಳ ನಡುವೆ ನುಗ್ಗಿ ಮರೆಯಾಯಿತು. ಅಮ್ಮ ಕೈಮುಗಿದಳು. ಹೀಗೆ ಹಾರಿ ಹೋದ ಹಕ್ಕಿಗಳಲ್ಲೂ ಕೆಲವು ತಲೆಯೊಳಗೆ ರಕ್ತ ಸೋರಿ ಆಮೇಲೆ ಸಾಯುತ್ತವೆ. ಅದನ್ನು ಅವಳಿಗೆ ಹೇಳಲಿಲ್ಲ.

ಗಾಜಿನ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಒಬ್ಬರು 'ಗರುಡ ದರ್ಶನ' ಅಂತ ಕೈಮುಗಿದ ಚಿಹ್ನೆ ಕಳಿಸಿದರು. ಶಿಕಾಗೋ ಹತ್ತಿರ ಇರುವ ಚಿಕ್ಕಪ್ಪನ ಮಗ ಮಾತ್ರ ಫೋನೇ ಮಾಡಿದ. ಅಲ್ಲಿ ಕೆರೆ ದಡದಲ್ಲಿ, ಕೆರೆ ಅಂದ್ರೆ ಸಮುದ್ರದಂಥ ಮಿಶಿಗನ್ ಸರೋವರ, ಮೆಕಾರ್ಮಿಕ್ ಪ್ಲೇಸ್ ಅನ್ನುವ ದೊಡ್ಡ ಗಾಜಿನ ಸಭಾಭವನ ಇದೆ. 2023ರ ಅಕ್ಟೋಬರ್ 5ರ ಬೆಳಿಗ್ಗೆ ಅದೊಂದೇ ಕಟ್ಟಡದ ಬುಡದಲ್ಲಿ ಹತ್ತಿರ ಹತ್ತಿರ ಸಾವಿರ ವಲಸೆ ಹಕ್ಕಿಗಳು ಸತ್ತು ಬಿದ್ದಿದ್ದವಂತೆ. ಮರುವರ್ಷ ಗಾಜಿಗೆಲ್ಲ ಚುಕ್ಕಿ ಚುಕ್ಕಿಯ ಫಿಲ್ಮ್ ಅಂಟಿಸಿದರು. ಸಾಯುವುದು ನೂರಕ್ಕೆ ತೊಂಬತ್ತೈದರಷ್ಟು ಕಡಿಮೆಯಾಯಿತು ಅಂತ ಆಮೇಲೆ ಸುದ್ದಿ ಕಳಿಸಿದ. "ದೊಡ್ಡ ಕಟ್ಟಡದ್ದೇ ತಪ್ಪು ಅನ್ಕೋಬೇಡ" ಅಂತಲೂ ಹೇಳಿದ. ಅಮೆರಿಕದಲ್ಲಿ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆ ಅಂತ 2014ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಅದರಲ್ಲಿ ನೂರಕ್ಕೆ ನಲವತ್ತನಾಲ್ಕು ನಮ್ಮ ನಿಮ್ಮಂಥವರ ಮನೆಗಳದ್ದು. ಗಗನಚುಂಬಿಗಳ ಪಾಲು ನೂರಕ್ಕೆ ಒಂದೂ ಇಲ್ಲ. ಮನೆಗಳ ಸಂಖ್ಯೆಯೇ ಜಾಸ್ತಿ ನೋಡಿ. ಒಂದೊಂದು ಮನೆಗೆ ವರ್ಷಕ್ಕೆ ಒಂದೆರಡು. ಅದೂ ಬೆಕ್ಕಿನ ಲೆಕ್ಕಕ್ಕೆ.

ಪಿಕಳಾರ ಬಡಿದರೆ ಗಾಜಿನ ಮೇಲೆ ಅಚ್ಚು ಬೀಳುವುದಿಲ್ಲ. ನವರಂಗಕ್ಕೂ ಇಲ್ಲ. ಹೆಚ್ಚಂದ್ರೆ ಒಂದು ಪುಕ್ಕ ಅಂಟಿರುತ್ತದೆ. ಚೋರೆ ಬಡಿದಿದ್ದಕ್ಕೆ ನಮಗೆ ಗೊತ್ತಾಯ್ತು.

ಮೊದಲು ನಾನು ಮಾಡಿದ್ದು ದಡ್ಡ ಕೆಲಸ. ಒಳಗಿನಿಂದ ಗಾಜಿಗೆ ಪೇಪರ್ ಅಂಟಿಸಿದೆ. ಹೊರಗೆ ಬಂದು ನೋಡಿದರೆ ಪೇಪರ್ ಕಾಣುವುದೇ ಇಲ್ಲ, ಅದೇ ತೋಟ, ಅದೇ ಆಕಾಶ. ಪ್ರತಿಬಿಂಬ ಇರುವುದು ಹೊರಮೈಯಲ್ಲಿ. ಗುರುತು ಹಾಕಬೇಕಾದ್ದೂ ಅಲ್ಲೇ. ಹದ್ದಿನ ಚಿತ್ರದ ಸ್ಟಿಕ್ಕರ್ ಸಿಗುತ್ತೆ, ಅದೂ ಅಷ್ಟಕ್ಕಷ್ಟೇ. ಹಕ್ಕಿ ಹದ್ದಿಗೆ ಹೆದರುವುದಿಲ್ಲ, ಅದರ ಪಕ್ಕದ ಖಾಲಿ ಜಾಗಕ್ಕೆ ನುಗ್ಗುತ್ತದೆ. ಗಾಜಿನ ತುಂಬ, ಎರಡೆರಡು ಇಂಚಿಗೆ ಒಂದು ಗುರುತು ಇದ್ದರೆ ಮಾತ್ರ ಇಲ್ಲಿ ತೂರಲು ಆಗಲ್ಲ ಅಂತ ಅದಕ್ಕೆ ಅನಿಸುತ್ತದೆ.

"ಎರಡಿಂಚು ಅಂದ್ರೆ ಎಷ್ಟೋ?" ಅಂದಳು ಅಮ್ಮ. ಮೂರು ಬೆರಳು ಸೇರಿಸಿ ತೋರಿಸಿದೆ.

ಹಬ್ಬಕ್ಕೆ ಹೊಸಿಲಿಗೆ, ತುಳಸಿಕಟ್ಟೆಗೆ ಬರೆಯಲು ಅಂತ ಶೇಡಿ ಕಲಸಿಟ್ಟಿದ್ದಳು. ಶೇಡಿ ಅಂದ್ರೆ ನಮ್ಮ ಕಡೆ ಗೋಡೆ ಚಿತ್ತಾರಕ್ಕೆ ಬಳಸುವ ಬಿಳಿ ಮಣ್ಣು. ಆ ಬಟ್ಟಲನ್ನೇ ಎತ್ತಿಕೊಂಡು ಬಂದಳು. ಸುಣ್ಣ ಬೇಡ, ಗಾಜು ತಿನ್ನುತ್ತೆ ಅಂತ ಅವಳೇ ಹೇಳಿದಳು. ತೋರುಬೆರಳು ಅದ್ದಿ ಒಂದು ಚುಕ್ಕಿ, ಮೂರು ಬೆರಳು ಬಿಟ್ಟು ಇನ್ನೊಂದು. ಸಾಲಿಗೆ ನಲವತ್ತೇಳು ಬಂತು. ಅಳತೆ ಇಲ್ಲ, ದಾರ ಇಲ್ಲ, ಒಂದು ಸಾಲೂ ಸೊಟ್ಟ ಇಲ್ಲ. ಅರವತ್ತು ವರ್ಷ ಅಂಗಳದಲ್ಲಿ ಚುಕ್ಕಿ ಇಟ್ಟ ಕೈ. ನಾನು ಸ್ಟೂಲ್ ಹತ್ತಿ ಇಟ್ಟ ಮೇಲಿನ ಐದು ಸಾಲು ಸೋತ ಸೈನ್ಯದ ಹಾಗಿತ್ತು.

ಚೋರೆಯ ಅಚ್ಚಿನ ಹತ್ತಿರ ಬಂದಾಗ ಅವಳು ಕೈ ತಡೆದಳು. ಅದರ ಸುತ್ತ ಚುಕ್ಕಿ ಇಟ್ಟಳು, ಮೇಲೆ ಇಡಲಿಲ್ಲ. ಹಬ್ಬಕ್ಕೆ ಬಂದವರೆಲ್ಲ ಕೇಳಿದರು. ಗಾಜಿಗೆ ಯಾಕೆ ಚುಕ್ಕಿ, ಗೆರೆ ಎಳೆಯೋದು ಮರೆತ್ಯಾ ಅಂತ ಅತ್ತೆ ತಮಾಷೆ ಮಾಡಿದಳು. ನನಗೂ ಒಳಗೊಳಗೇ ಬೇಜಾರು. ಎಷ್ಟು ದುಡ್ಡು ಸುರಿದು ಹಾಕಿಸಿದ ಗಾಜು ಅದು. ಈಗ ಸೊಳ್ಳೆಪರದೆಯೊಳಗೆ ಕೂತು ತೋಟ ನೋಡಿದ ಹಾಗೆ. ಮೂರನೇ ದಿನಕ್ಕೆ ಚುಕ್ಕಿ ಕಣ್ಣಿಗೆ ಬೀಳುವುದು ನಿಂತಿತು.

ನಾನು ಬೆಂಗಳೂರಿಗೆ ವಾಪಸ್ ಬಂದೆ. ಮೊದಮೊದಲು ದಿನಾ ಕೇಳ್ತಿದ್ದೆ, ಆಮೇಲೆ ಮರೆತೆ. ಜೂನಿನಲ್ಲಿ ಒಂದು ಸಂಜೆ ಅಮ್ಮ ತಾನಾಗೇ ಫೋನ್ ಮಾಡಿದಳು.

"ನಿನ್ನೆ ಗಾಳಿಮಳೆಗೆ ಎರಚಲು ಹೊಡ್ದು ಚುಕ್ಕಿ ಎಲ್ಲ ತೊಳ್ಕೊಂಡು ಹೋಯ್ತು. ಆ ಚೋರೆನೂ ಹೋಯ್ತು. ಇವತ್ತು ಹೊಳವಾಗಿತ್ತು, ಮತ್ತೆ ಇಟ್ಟೆ."

"ಬೆಕ್ಕು ಹೇಗಿದೆ?"

"ಅದಕ್ಕೇನು, ಹಾಲು ಕುಡ್ದು ಬಿದ್ಕೊಂಡಿದೆ. ನೀ ಯಾವಾಗ ಬರ್ತೀಯ? ಮೇಲಿನ ಐದು ಸಾಲು ಹಂಗೇ ಖಾಲಿ ಇದೆ."