ಬಸರಾಕ್ಕೆ ಹೋದವನ ಹೆಸರು

ಚಿಕ್ಕೋಡಿ ತಾಲ್ಲೂಕಿನಲ್ಲಿರುವ ನನ್ನ ತಾಯಿಯ ತವರುಮನೆಯ ದೇವರ ಜಗಲಿಯ ಮೇಲೆ, ತುಳಜಾಭವಾನಿ ಮತ್ತು ಯಲ್ಲಮ್ಮನ ಮೂರ್ತಿಗಳ ಪಕ್ಕದಲ್ಲಿ, ಅಂಗೈಗಿಂತ ತುಸು ಅಗಲವಾದ ಒಂದು ಕಂಚಿನ ತಟ್ಟೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿರುವುದನ್ನು ನಾನು ಬಾಲ್ಯದಿಂದಲೂ ನೋಡುತ್ತ ಬಂದಿದ್ದೆ. ಅದರ ಮೇಲೆ ತ್ರಿಶೂಲ ಹಿಡಿದು ನಿಂತ ಒಬ್ಬ ಹೆಂಗಸು, ಅವಳ ಮುಂದೆ ಒಂದು ಸಿಂಹ. ತ್ರಿಶೂಲವೂ ಸಿಂಹವೂ ಇದ್ದ ಮೇಲೆ ಅವಳು ಭವಾನಿಯೇ ಎಂಬುದರಲ್ಲಿ ಆ ಮನೆಯ ಯಾರಿಗೂ ಅನುಮಾನವಿರಲಿಲ್ಲ. ದಿನವೂ ಅರಿಸಿನ ಕುಂಕುಮ ಏರುತ್ತಿತ್ತು. ವರ್ಷಕ್ಕೊಮ್ಮೆ, ಘಟಸ್ಥಾಪನೆಯ ಹಿಂದಿನ ದಿನ, ಜಗಲಿಯ ಎಲ್ಲ ತಾಮ್ರ ಹಿತ್ತಾಳೆಯ ಸಾಮಾನುಗಳ ಜೊತೆ ಅದನ್ನೂ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುತ್ತಿದ್ದರು.

2022ರ ಮಹಾಲಯ ಅಮಾವಾಸ್ಯೆ ಭಾನುವಾರ ಬಂದಿತ್ತು. ರಜೆಯ ದಿನವಾದ್ದರಿಂದ ಹಿರಿಯರ ಪೂಜೆಗೆಂದು ನಾನೂ ಊರಿಗೆ ಹೋಗಿದ್ದೆ. ಬೆಳಿಗ್ಗೆ ಸೋದರಮಾವನ ಸೊಸೆ ಹಿತ್ತಲ ಕಟ್ಟೆಯ ಮೇಲೆ ಕುಳಿತು ಆ ತಟ್ಟೆಯನ್ನು ತೊಳೆಯುತ್ತಿದ್ದಾಗ, ಕುಂಕುಮವೆಲ್ಲ ಹರಿದು ಹೋಗಿ ಅಂಚಿನ ಸುತ್ತಲೂ ಇಂಗ್ಲಿಷ್ ಅಕ್ಷರಗಳು ತೇಲಿದ್ದು ಕಂಡಿತು. ಮೊದಲ ಮಹಾಯುದ್ಧದ ಶತಮಾನದ ವರ್ಷಗಳಲ್ಲಿ ಪತ್ರಿಕೆಯೊಂದರಲ್ಲಿ ನೋಡಿದ್ದ ಚಿತ್ರ ನೆನಪಾಗಿ, ನಾನು ಆಕೆಯ ಕೈಯಿಂದ ತಟ್ಟೆಯನ್ನು ತೆಗೆದುಕೊಂಡೆ. ಅಂಚಿನ ಬರಹದ ಅರ್ಥ ಇಷ್ಟು: ಅವನು ಸ್ವಾತಂತ್ರ್ಯ ಮತ್ತು ಗೌರವಕ್ಕಾಗಿ ಮಡಿದನು.

ಅದು ದೇವಿಯ ಮೂರ್ತಿಯಾಗಿರಲಿಲ್ಲ. 1914ರಿಂದ ನಡೆದ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಕಳುಹಿಸಿದ, ಹದಿಮೂರು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಎರಕ ಹೊಯ್ದ ಸ್ಮರಣ ಫಲಕಗಳಲ್ಲಿ ಒಂದಾಗಿತ್ತು. ತ್ರಿಶೂಲ ಹಿಡಿದವಳು ಬ್ರಿಟಾನಿಯಾ, ಅಂದರೆ ಆ ದೇಶವನ್ನೇ ಹೆಣ್ಣಾಗಿ ಚಿತ್ರಿಸಿದ ರೂಪ. ಅವಳು ಮುಂದೆ ಚಾಚಿದ ಕೈಯಲ್ಲಿ ಎಲೆಯ ಮಾಲೆಯಿತ್ತು, ಅದರ ಕೆಳಗೆ ಒಂದು ಸಣ್ಣ ಚೌಕವಿತ್ತು. ಸತ್ತವನ ಹೆಸರನ್ನು ಆ ಚೌಕದಲ್ಲಿ ಉಬ್ಬು ಅಕ್ಷರಗಳಲ್ಲಿ ಎರಕ ಹೊಯ್ಯುತ್ತಿದ್ದರು. ಮಡಿದವರೆಲ್ಲ ಸಮಾನರು ಎಂಬ ಕಾರಣಕ್ಕೆ ಅಲ್ಲಿ ಹುದ್ದೆಯನ್ನಾಗಲಿ ಪಲಟಣಿಯನ್ನಾಗಲಿ ಬರೆಯುತ್ತಿರಲಿಲ್ಲ, ಬರಿಯ ಹೆಸರು ಮಾತ್ರ. ಆದರೆ ನಮ್ಮ ಮನೆಯ ತಟ್ಟೆಯಲ್ಲಿ ಆ ಚೌಕವೇ ಎಲ್ಲಕ್ಕಿಂತ ಹೆಚ್ಚು ನುಣುಪಾಗಿತ್ತು. ನೂರು ವರ್ಷ ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ, ಭಕ್ತಿಯೇ ಆ ಹೆಸರನ್ನು ಸವೆಸಿತ್ತು.

ತಟ್ಟೆಯನ್ನು ಒರೆಸಿ, ಮೇಲೆ ತೆಳುವಾದ ಕಾಗದವಿಟ್ಟು, ಮಕ್ಕಳ ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿದೆ. ಒಂದೊಂದೇ ಅಕ್ಷರ ಕಾಗದದ ಮೇಲೆ ಬೆಳ್ಳಗೆ ಮೂಡಿತು. ನಾನು ಗಟ್ಟಿಯಾಗಿ ಓದಿದೆ. ಎಂಬತ್ತು ದಾಟಿದ ಮಾಮಾ ಬಾಗಿಲ ಬಳಿಯಿಂದ ಗೋಡೆ ಹಿಡಿದುಕೊಂಡು ಬಂದು ನನ್ನ ಎದುರು ಕುಳಿತರು.

"ಇದು ನಮ್ಮ ಅಜ್ಜನ ಹೆಸರಲ್ಲೇನೋ ತಮ್ಮಾ?"

ಹೌದು ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಮಾಮಾನ ಅಜ್ಜನೆಂದರೆ ನನ್ನ ಮುತ್ತಜ್ಜ, ನನ್ನ ಅಜ್ಜಿಯ ತಂದೆ. ಅಜ್ಜಿ ಒಬ್ಬಳೇ ಮಗಳಾದ್ದರಿಂದ ಮನೆಗೆ ಅಳಿಯನನ್ನು ತಂದುಕೊಂಡಿದ್ದರು. ಹಾಗಾಗಿ ಮನೆಯೂ ಜಗಲಿಯೂ ಅವಳಲ್ಲೇ ಉಳಿದವು. ತಂದೆಯ ವಿಷಯ ಕೇಳಿದಾಗಲೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: "ಅವ್ವ ಬಸರಿದ್ದಾಗ ಅಪ್ಪ ಬಸರಾಕ್ಕ ಹ್ವಾದಾ. ನಾ ಬಂದೆ, ಅಂವಾ ಬರಲಿಲ್ಲ." ಬಸರಾ ಎಂಬುದು ಇರಾಕಿನ ಬಂದರು ಪಟ್ಟಣವೆಂದು ಅವಳಿಗೆ ಯಾರೂ ನಕ್ಷೆಯಲ್ಲಿ ತೋರಿಸಿರಲಿಲ್ಲ. ಅದು ಹೋದವರು ಮರಳದ ಒಂದು ಊರು, ಅಷ್ಟೇ. ಬ್ರಿಟಿಷರು ಮೆಸಪೊಟೇಮಿಯಾ ಎಂದು ಕರೆಯುತ್ತಿದ್ದ ಆ ಇಡೀ ರಣರಂಗಕ್ಕೆ ನಮ್ಮ ಕಡೆಯ ಮನೆಗಳಲ್ಲಿ ಇದ್ದ ಹೆಸರು ಬಸರಾ ಒಂದೇ. ಅವನು ಕೈದಾಗಿದ್ದಾನೆ ಎಂಬ ಸುದ್ದಿ ಒಮ್ಮೆ ಕುಲಕರ್ಣಿಯ ಮೂಲಕ ಬಂದಿತ್ತಂತೆ. ಆ ಮೇಲೆ ಬಂದದ್ದು ಈ ತಟ್ಟೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಯಾರೂ ಇರಲಿಲ್ಲ. ಸರ್ಕಾರವೇ ದೇವಿಯನ್ನು ಕಳುಹಿಸಿದೆ, ಅವಳೇ ಅವನನ್ನು ಕಾಪಾಡುತ್ತಾಳೆ ಎಂದು ಮುತ್ತಜ್ಜಿ ಅದನ್ನು ಜಗಲಿಗೇರಿಸಿದಳು. ಪಿಂಚಣಿ ಶುರುವಾದ ಮೇಲೆ ಹಿರಿಯರು ತಿಳಿಹೇಳಿದರೂ ಅವಳು ಒಪ್ಪಲಿಲ್ಲ. ಸಾಯುವವರೆಗೂ ಹಣೆಯ ಕುಂಕುಮ ತೆಗೆಯಲಿಲ್ಲ, ಬಳೆ ಒಡೆಯಲಿಲ್ಲ. ಗಂಡ ಸತ್ತನೆಂದು ಸಾರುವ ಲೋಹದ ಮುಂದೆ ನಿಂತು ಗಂಡ ಬರಲಿ ಎಂದು ನಲವತ್ತು ವರ್ಷ ಕೈಮುಗಿದ ಹೆಂಗಸನ್ನು ನೆನೆದು, ಅಂದು ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದ ನನಗೆ ಕಣ್ಣು ತುಂಬಿ ಬಂದವು.

ತಟ್ಟೆಯಿಂದ ಹೆಸರಷ್ಟೇ ಸಿಕ್ಕಿತ್ತು. ಅದೇ ಹೆಸರಿನ ಮರಾಠಾ ಸಿಪಾಯಿಗಳು ನೂರಾರು ಮಂದಿ ಇದ್ದಿರಬಹುದು. ಬೇರೇನಾದರೂ ಇದೆಯೇ ಎಂದು ಕೇಳಿದಾಗ, ಮಾಮಾ ಅಟ್ಟದ ಮೇಲಿನ ಒಂದು ತಗಡಿನ ಡಬ್ಬಿಯನ್ನು ಇಳಿಸಲು ಹೇಳಿದರು. ದಾರದ ಉಂಡೆ, ಹಳೆಯ ಗುಂಡಿ, ಬೀಗದ ಕೈಗಳ ನಡುವೆ ಒಂದು ಕಂಚಿನ ನಕ್ಷತ್ರ ಸಿಕ್ಕಿತು. ಇದರ ಜೊತೆ ಬೆಳ್ಳಿಯದೂ ಒಂದಿತ್ತೆಂದೂ, ಯಾವುದೋ ಬರಗಾಲದಲ್ಲಿ ಅದು ಅಕ್ಕಸಾಲಿಗನ ಕುಲುಮೆಗೆ ಹೋಯಿತೆಂದೂ ಮಾಮಾ ಹೇಳಿದರು. ಬೆಲೆಯಿಲ್ಲದ್ದು ಉಳಿದುಕೊಂಡಿತ್ತು, ಮತ್ತು ನಮಗೆ ಬೇಕಾದದ್ದು ಅದರಲ್ಲೇ ಇತ್ತು. 1914-15ರ ನಕ್ಷತ್ರ ಪದಕದ ಹಿಂಬದಿಯಲ್ಲಿ ಅದನ್ನು ಪಡೆದವನ ಸಂಖ್ಯೆ, ಹುದ್ದೆ, ಹೆಸರು ಮತ್ತು ಪಲಟಣಿಯನ್ನು ಒತ್ತಿರುತ್ತಾರೆ. ಡಬ್ಬಿಯಲ್ಲೇ ಇದ್ದುದರಿಂದ ಅದನ್ನು ಯಾರೂ ತಿಕ್ಕಿರಲಿಲ್ಲ. ಸಂಖ್ಯೆ, ಸಿಪಾಯಿ, ಹೆಸರು, 117ನೇ ಮರಾಠಾ: ಎಲ್ಲವೂ ನಿಚ್ಚಳವಾಗಿ ಓದಲು ಬಂದವು.

ಆ ಮಧ್ಯಾಹ್ನ ಅಂಗಳದ ಬೇವಿನ ಮರದ ಕೆಳಗೆ ಕುಳಿತು ಮೊಬೈಲಿನಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣವನ್ನು ತೆರೆದೆ. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಮಂದಿಯ ವಿವರಗಳು ಅಲ್ಲಿವೆ. ಭಾರತೀಯರ ಹೆಸರುಗಳನ್ನು ಹುಡುಕುವಾಗ ಕಾಗುಣಿತದ ಆಸೆಯನ್ನೇ ಬಿಡಬೇಕಾಗುತ್ತದೆ, ಏಕೆಂದರೆ ನೂರು ವರ್ಷಗಳ ಹಿಂದೆ ಬರೆದುಕೊಂಡವನು ಹೇಗೆ ಕೇಳಿಸಿಕೊಂಡನೋ ಹಾಗೆ ಬರೆದಿದ್ದಾನೆ. ಒಂದು ಅಕ್ಷರ ಬದಲಿಸಿ, ಇನ್ನೊಂದು ಬಿಟ್ಟು, ಪಲಟಣಿಯ ಹೆಸರು ಹಾಕಿ ಹುಡುಕಿದಾಗ ಅದೇ ಹೆಸರಿನ ನಾಲ್ವರು ಸಿಕ್ಕರು. ಸಂಖ್ಯೆ ಹೊಂದಿದ್ದು ಒಬ್ಬನಿಗೆ. ತಂದೆಯ ಹೆಸರೂ, ಊರಿನ ಹೆಸರೂ, ಚಿಕ್ಕೋಡಿ, ಬೆಳಗಾವಿ ಎಂದೂ ಮುಂದೆ ಇತ್ತು. ಊರಿನ ಹೆಸರು ಎಷ್ಟು ಕೆಟ್ಟಿತ್ತೆಂದರೆ ನನಗೆ ಗುರುತೇ ಸಿಗಲಿಲ್ಲ. ಗಟ್ಟಿಯಾಗಿ ಓದಿದಾಗ ಮಾಮಾ ಥಟ್ಟನೆ, "ನಮ್ಮೂರೇ ಐತಿ, ಸಾಹೇಬನ ಬಾಯಾಗ ಹಂಗಾಗೇತಿ" ಎಂದರು.

ಸತ್ತ ದಿನಾಂಕ: 1916ರ ಆಗಸ್ಟ್ 19.

ಅಂದು ಮಾಮಾ ಹಿರಿಯರಿಗೆ ಎಡೆ ಇಡುವಾಗ ಎಂದಿನಂತೆ ಅಜ್ಜನಿಗೂ ಒಂದು ಎಲೆ ಹಾಕಿದ್ದರು. ಸತ್ತ ತಿಥಿ ಗೊತ್ತಿಲ್ಲದವರಿಗೆ ಅಮಾವಾಸ್ಯೆ ಎಂದು ಪದ್ಧತಿಯಿರುವುದರಿಂದ ಮುತ್ತಜ್ಜಿ ತೀರಿಕೊಂಡ ಮೇಲೆ ಹಾಗೆ ನಡೆಸಿಕೊಂಡು ಬಂದಿದ್ದರು. ಆಯುಧದಿಂದ ಸತ್ತವರಿಗಾದರೆ ಹಿಂದಿನ ದಿನದ ಚತುರ್ದಶಿ. ಅವರು ಕೇಳಿದ ಮೊದಲ ಪ್ರಶ್ನೆ ಅದೇ ಆಗಿತ್ತು: "ಗುಂಡ ಬಡದ ಸತ್ತನೋ, ಹ್ಯಾಂಗ ಸತ್ತನೋ, ಬರದೈತೇನು ನೋಡು." ಅದನ್ನು ಬರೆದಿರಲಿಲ್ಲ. ಓದಿ ತಿಳಿದುಕೊಂಡು ಹೇಳುತ್ತೇನೆಂದು ಮಾತು ಕೊಟ್ಟು ಬಂದೆ.

ಆ ಮಾತಿಗಾಗಿ ಮುಂದಿನ ಹತ್ತು ಹನ್ನೊಂದು ತಿಂಗಳು ಸಿಕ್ಕ ಸಿಕ್ಕಲ್ಲಿ ಓದಿದೆ. ಪಂಜಾಬಿನವರಿಗೆ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಊರೂರಿನ ಸೈನಿಕರ ದಫ್ತರುಗಳು ದೊರೆತು, ಸುಮಾರು 3,20,000 ಮಂದಿಯ ವಿವರ ಹೊರಬಂದಿದೆ. ನಮ್ಮ ಕಡೆಯ ಸಿಪಾಯಿಯನ್ನು ಹುಡುಕುವವರು ಪಲಟಣಿಯ ಹಾದಿಯನ್ನೇ ಹಿಡಿಯಬೇಕು: ಪಲಟಣಿ ಎಲ್ಲಿತ್ತೋ ಅಲ್ಲಿ ಅವನಿದ್ದ ಎಂದುಕೊಂಡು ನಡೆಯಬೇಕು. ಯುದ್ಧದ ದಿನಚರಿಗಳಲ್ಲಿ ಬ್ರಿಟಿಷ್ ಅಧಿಕಾರಿಗಳ ಹೆಸರುಗಳಿರುತ್ತವೆ. ಸಿಪಾಯಿಗಳು ಇಂತಿಷ್ಟು ಸತ್ತರು, ಇಂತಿಷ್ಟು ಗಾಯಗೊಂಡರು ಎಂಬ ಲೆಕ್ಕದಲ್ಲಿ ಬರುತ್ತಾರೆ.

117ನೇ ಮರಾಠಾ ಪಲಟಣಿ ಆರನೆಯ ಪುಣೆ ಡಿವಿಜನ್ನಿನ 16ನೇ ಬ್ರಿಗೇಡಿನಲ್ಲಿತ್ತು. 1914ರ ಅಕ್ಟೋಬರ್ 16ರಂದು ಆ ಬ್ರಿಗೇಡ್ ಮುಂಬಯಿಯಿಂದ ಹಡಗು ಹತ್ತಿತು. ಅಜ್ಜಿ ಹುಟ್ಟಿದ್ದು ಮುಂದಿನ ಶಿವರಾತ್ರಿಯ ಸುಮಾರಿಗೆ, ಅಂದರೆ ಅವಳ ಒಂದು ಸಾಲಿನ ಕಥೆ ತಿಂಗಳ ಲೆಕ್ಕಕ್ಕೂ ಸರಿಯಾಗಿತ್ತು. ನವೆಂಬರ್ 6ರಂದು ಫಾವ್ ಎಂಬಲ್ಲಿ ದಡ ಸೇರಿದವರಲ್ಲಿ ಈ ಪಲಟಣಿಯವರಿದ್ದರು. ಬಸರಾ ಅದೇ ತಿಂಗಳು ಕೈವಶವಾಯಿತು. 1915ರ ಏಪ್ರಿಲಿನಲ್ಲಿ ಶೈಬಾದಲ್ಲಿ, ಸೆಪ್ಟೆಂಬರಿನಲ್ಲಿ ಕೂತ್ ಅಲ್ ಅಮಾರಾದಲ್ಲಿ ಕಾದಾಡಿದರು. ಟೈಗ್ರಿಸ್ ನದಿಗುಂಟ ಮೇಲೇರುತ್ತ ಬಾಗ್ದಾದಿನ ಸಮೀಪದ ಟೆಸಿಫಾನಿನವರೆಗೆ ಹೋಗಿ, ನವೆಂಬರ್ 22ರಿಂದ ನಡೆದ ಕದನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತು ಗಾಯಗೊಂಡ ಮೇಲೆ ಕೂತ್‌ಗೆ ಹಿಂದಿರುಗಿದರು. ಡಿಸೆಂಬರ್ 7ರಂದು ತುರ್ಕಿ ಸೈನ್ಯ ಆ ಊರನ್ನು ಸುತ್ತುಗಟ್ಟಿತು. ಮುತ್ತಿಗೆ ಸುಮಾರು ಐದು ತಿಂಗಳು ನಡೆಯಿತು.

ಆ ದಿನಗಳ ಬಗ್ಗೆ ಓದುವಾಗ ನಾನು ಪುಸ್ತಕ ಮುಚ್ಚಿ ಎದ್ದು ಓಡಾಡಿದ್ದುಂಟು. ಹಿಟ್ಟಿನ ಪಡಿ ವಾರವಾರಕ್ಕೂ ಇಳಿಯಿತು. ಬಂಡಿಯ ಎತ್ತುಗಳು ಮುಗಿದ ಮೇಲೆ ಕುದುರೆ ಹೇಸರಗತ್ತೆಗಳನ್ನು ಕೊಂದರು. ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರು, ತಿಂದರೆ ಊರಲ್ಲಿ ತಮ್ಮ ಮನೆಗೆ ಯಾರೂ ಹೆಣ್ಣು ಕೊಡಲಾರರು, ಕುಲದಿಂದ ಹೊರಗಿಟ್ಟಾರು ಎಂಬ ಭಯದಿಂದ ಕುದುರೆಯ ಮಾಂಸವನ್ನು ಬಹುಕಾಲ ಮುಟ್ಟಲಿಲ್ಲ. ತಿನ್ನಬಹುದೆಂದು ಭಾರತದ ಧರ್ಮಗುರುಗಳಿಂದ ಅನುಮತಿ ತರಿಸಿದರೂ ಒಪ್ಪಿದ್ದು ಕೊನೆಯ ವಾರಗಳಲ್ಲಿ. ಅಷ್ಟರಲ್ಲಿ ಒಸಡು ಕೊಳೆಯುವ ಸ್ಕರ್ವಿ ಅವರಲ್ಲೇ ಹೆಚ್ಚಾಗಿ ಹಬ್ಬಿತ್ತು. ಏಪ್ರಿಲಿನಲ್ಲಿ ವಿಮಾನಗಳಿಂದ ಹಿಟ್ಟಿನ ಚೀಲಗಳನ್ನು ಕೆಡವಿದರು, ಅದು ಏತಕ್ಕೂ ಸಾಲಲಿಲ್ಲ. ಬಿಡಿಸಲು ಬಂದ ಸೈನ್ಯ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಾವು ನೋವು ಅನುಭವಿಸಿಯೂ ಒಳಗೆ ತಲುಪಲಿಲ್ಲ. 1916ರ ಏಪ್ರಿಲ್ 29ರ ಶನಿವಾರ ಜನರಲ್ ಟೌನ್‌ಶೆಂಡ್ ಶರಣಾದನು. ಸುಮಾರು ಹದಿಮೂರು ಸಾವಿರ ಮಂದಿ ಸೆರೆಯಾದರು, ಅವರಲ್ಲಿ ಹೆಚ್ಚಿನವರು ಭಾರತೀಯರು.

ಜನರಲ್ಲನನ್ನು ಇಸ್ತಾಂಬುಲ್ ಬಳಿಯ ದ್ವೀಪವೊಂದರ ಬಂಗಲೆಯಲ್ಲಿಟ್ಟರು. ಸಿಪಾಯಿಗಳನ್ನು ನಡೆಸಿದರು. ಬಾಗ್ದಾದಿನಿಂದ ಸಮಾರಾದವರೆಗೆ ರೈಲು, ಅಲ್ಲಿಂದ ಮುಂದೆ ತಿಕ್ರಿತ್, ಮೋಸುಲ್, ನಿಸಿಬಿನ್ ದಾಟಿ ಈಗಿನ ಸಿರಿಯಾದ ಗಡಿಯಲ್ಲಿರುವ ರಾಸ್ ಅಲ್ ಐನ್‌ವರೆಗೆ, ಬೇಸಿಗೆಯ ಮರುಭೂಮಿಯಲ್ಲಿ, ಐದು ತಿಂಗಳು ಹಸಿದ ದೇಹಗಳಲ್ಲಿ. ದಾರಿಯುದ್ದಕ್ಕೂ ಜನ ಬಿದ್ದರು. ತಲುಪಿದವರನ್ನು ರೈಲುದಾರಿ ಕಟ್ಟುವ ಕೆಲಸಕ್ಕೆ ಹಚ್ಚಿದರು. ಶರಣಾಗತಿಯ ದಿನದಿಂದ ಎಣಿಸಿದರೆ ಆಗಸ್ಟ್ 19ಕ್ಕೆ ಸರಿಯಾಗಿ ಹದಿನಾರು ವಾರ. ಅವನ ಪಲಟಣಿಯವರು ಆಗ ಈ ದಾರಿಯಲ್ಲೋ ಈ ಕೆಲಸದಲ್ಲೋ ಇದ್ದರು.

ಅವನ ಹೆಸರಿಗೆ ಜೋಡಿಸಿರುವ ಸ್ಮಾರಕ ಬಸ್ರಾದ್ದು. ಸಮಾಧಿ ಸಿಗದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗಾಗಿ 1929ರ ಮಾರ್ಚಿನಲ್ಲಿ ಅನಾವರಣಗೊಂಡ ಆ ಸ್ಮಾರಕವನ್ನು 1997ರಲ್ಲಿ ಮೂಲ ಸ್ಥಳದಿಂದ ಕಿತ್ತು 32 ಕಿಲೋಮೀಟರ್ ದೂರದಲ್ಲಿ, ನಾಸಿರಿಯಾ ರಸ್ತೆಯಲ್ಲಿ ಮತ್ತೆ ಕಟ್ಟಿದ್ದಾರೆ. ಅದರ ಫಲಕಗಳ ಚಿತ್ರಗಳಲ್ಲಿ 117ನೇ ಮರಾಠಾವನ್ನು ಹುಡುಕುವ ಮೊದಲೇ ನನಗೆ ವಿಷಯ ತಿಳಿಯಿತು. ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಅಲ್ಲಿ ಕೆತ್ತಿದ್ದಾರೆ. ಭಾರತೀಯ ಸಿಪಾಯಿಗಳಿಗೆ ಪಲಟಣಿಯ ಹೆಸರಿನ ಕೆಳಗೆ ಒಂದು ಸಂಖ್ಯೆ. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಅಂಕಿಗಳಾಗಿ ನಿಂತಿದ್ದಾರೆ. ಇಂಥ ತಾರತಮ್ಯಕ್ಕಾಗಿ 2021ರ ಏಪ್ರಿಲಿನಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವರು ಅಲ್ಲಿಯ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಕ್ಷಮೆ ದೊಡ್ಡದೇ. ಆದರೂ ನಮ್ಮ ಮನೆಗೆ ಬಂದ ತಟ್ಟೆಯಲ್ಲಿ ಹೆಸರಿತ್ತು, ಪಲಟಣಿ ಇರಲಿಲ್ಲ. ಬಸ್ರಾದ ಕಲ್ಲಿನಲ್ಲಿ ಪಲಟಣಿಯಿದೆ, ಹೆಸರಿಲ್ಲ. ಇವೆರಡನ್ನೂ ಜೋಡಿಸಿದ್ದು ಗುಂಡಿಗಳ ಡಬ್ಬಿಯಲ್ಲಿ ಬಿದ್ದಿದ್ದ ಒಂದು ನಕ್ಷತ್ರ.

2023ರ ಆಗಸ್ಟ್ 19ರಂದು ಇದೆಲ್ಲವನ್ನೂ ಹೇಳಲು ಊರಿಗೆ ಹೋದೆ. ಅಂದೂ ಶನಿವಾರ, ಶ್ರಾವಣದ ಮೊದಲ ಶನಿವಾರ. 1916ರ ಆ ದಿನವೂ ಶ್ರಾವಣ ಶನಿವಾರವೇ ಆಗಿತ್ತೆಂದು ಹೇಳಿದಾಗ ಮಾಮಾ ಕೈ ಜೋಡಿಸಿದರು. ಉಪವಾಸವಿದ್ದ ಅವರು ಗೋಡೆಗೆ ಒರಗಿ ಕುಳಿತು, ಹಡಗಿನಿಂದ ರಾಸ್ ಅಲ್ ಐನ್‌ವರೆಗೆ, ಎಲ್ಲಿಯೂ ತಡೆಯದೆ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ: "ಅಂದ್ರ ಹಸದ ಸತ್ತ ಅನ್ನು."

ಹಾಗೆಂದೇ ತೋರುತ್ತದೆ ಎಂದೆ.

ಸಂಜೆ ಉಪವಾಸ ಬಿಡುವ ಮೊದಲು ಅವರು ಜಗಲಿಯ ಮುಂದೆ ಒಂದು ಎಲೆ ಹಾಕಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಅನ್ನ, ಮೊಸರು, ಹೋಳಿಗೆ, ಮನೆಯಲ್ಲಿ ಅಂದು ಮಾಡಿದ್ದೆಲ್ಲವನ್ನೂ ಎರಡೆರಡು ಸಲ ಬಡಿಸಿಸಿದರು. ತಟ್ಟೆಯನ್ನು ಜಗಲಿಯಿಂದ ತೆಗೆದುಬಿಡಬೇಕೇ ಎಂದು ಸೊಸೆ ಅನುಮಾನದಿಂದ ಕೇಳಿದಳು. ಮಾಮಾ ಬೇಡವೆಂದು ತಲೆಯಾಡಿಸಿ, ಕುಂಕುಮವನ್ನು ಮಾತ್ರ ಆ ಹೆಸರಿನ ಚೌಕದಿಂದ ಬೆರಳಿನಿಂದಲೇ ಸರಿಸಿದರು.

"ಅಲ್ಲೇ ಇರ್ಲಿ. ಇನ್ನ ಮ್ಯಾಲೆ ಹುಣಸೀಹಣ್ಣ ಹಚ್ಚಬ್ಯಾಡವಾ, ಬರೇ ಒಣಾ ಅರಬೀಲೆ ಒರಸು."