ಇಳಕಲ್ ಸೀರೆಯ ಜಾಲತಾಣ: ಬಂದವರೆಷ್ಟು ಅಲ್ಲ, ಫೋನ್ ಒತ್ತಿದವರೆಷ್ಟು?

ಬಾಗಲಕೋಟೆ ಜಿಲ್ಲೆಯ ನೇಕಾರರ ಸಂಘವೊಂದು ಜಾಲತಾಣ ಮಾಡಿಸಿತು ಅನ್ನಿ. ತಿಂಗಳ ಸಭೆಯಲ್ಲಿ ಮೊದಲು ಓದುವುದು ‘ಇಷ್ಟು ಮಂದಿ ಬಂದರು’ ಎಂಬ ಅಂಕಿ. ನಮ್ಮ ಕಡೆ ವ್ಯವಹಾರ ಕುದುರುವುದು ಮಾತ್ರ ಫೋನಿನಲ್ಲಿ, ವಾಟ್ಸಾಪಿನಲ್ಲಿ. ಫೋಟೊ ನೋಡಿದವರು ದರ, ಸೆರಗಿನ ಬಣ್ಣ ಕೇಳಲು ನಂಬರ್ ಒತ್ತುತ್ತಾರೆ. ಅದೇ ಲೆಕ್ಕಕ್ಕೆ ಸಿಗದಿದ್ದರೆ ಉಳಿದ ಅಂಕಿ ಯಾತಕ್ಕೆ?

ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ‘ಎನ್‌ಹ್ಯಾನ್ಸ್ಡ್ ಮೆಷರ್‌ಮೆಂಟ್’ ಆನ್ ಇದ್ದರೆ ಪಿಡಿಎಫ್ ಡೌನ್‌ಲೋಡ್, ಹೊರತಾಣದ ಲಿಂಕ್, ಪುಟದ ಶೇ 90ರವರೆಗೆ ಇಳಿದದ್ದು ತಾನಾಗಿ ದಾಖಲಾಗುತ್ತದೆ. ವಾಟ್ಸಾಪ್ ಲಿಂಕ್ ಹೊರತಾಣದ್ದೇ ಆದ್ದರಿಂದ ಅದೂ ಬರುತ್ತದೆ. ಫೋನ್ ಲಿಂಕ್ ಬರುವುದಿಲ್ಲ. ಅದನ್ನು ಟ್ಯಾಗ್ ಮ್ಯಾನೇಜರಿನಲ್ಲಿ (ತಾಣದಲ್ಲಿ ಲೆಕ್ಕದ ಕೋಡ್ ಕೂರಿಸುವ ಗೂಗಲ್ ಸಾಧನ) ನಾವೇ ಕಟ್ಟಬೇಕು. ಮೊದಲು ವೇರಿಯಬಲ್‌ಗಳಲ್ಲಿ ‘ಕ್ಲಿಕ್ ಯುಆರ್‌ಎಲ್’ಗೆ (ಒತ್ತಿದ ಲಿಂಕಿನ ವಿಳಾಸ) ಟಿಕ್ ಹಾಕಿ. ಇದನ್ನು ಬಿಟ್ಟರೆ ಮುಂದಿನ ಷರತ್ತಿನ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ‘ಜಸ್ಟ್ ಲಿಂಕ್ಸ್’ ಟ್ರಿಗರ್ (ಯಾವಾಗ ದಾಖಲಿಸಬೇಕೆಂಬ ಸೂಚನೆ) ತೆರೆದು, ಕ್ಲಿಕ್ ಯುಆರ್‌ಎಲ್ ‘ಟೆಲ್’ ಮತ್ತು ಕೋಲನ್‌ನಿಂದ (tel:) ಶುರುವಾಗಬೇಕು ಎಂಬ ಷರತ್ತು ಕೊಡಿ. ಒತ್ತಿದ್ದನ್ನು ಅನಲಿಟಿಕ್ಸ್‌ಗೆ ತಿಳಿಸುವ ಈವೆಂಟ್ ಟ್ಯಾಗ್ ಒಂದನ್ನು ಅದಕ್ಕೆ ಜೋಡಿಸಿ, ಪ್ರಿವ್ಯೂನಲ್ಲಿ ಒತ್ತಿ ನೋಡಿ, ಪಬ್ಲಿಷ್ ಮಾಡಿ, ಅನಲಿಟಿಕ್ಸ್‌ನಲ್ಲಿ ‘ಕೀ ಈವೆಂಟ್’ (ಮುಖ್ಯ ಘಟನೆ) ಎಂದು ಗುರುತಿಸಿ. ನಂಬರನ್ನು ಬರೀ ಅಕ್ಷರವಾಗಿ ಅಥವಾ ಬ್ಯಾನರ್ ಚಿತ್ರದೊಳಗೆ ಬರೆದಿದ್ದರೆ ಇದ್ಯಾವುದೂ ನಡೆಯದು. (ಒತ್ತಿದವರೆಲ್ಲ ಮಾತಾಡಿದರು ಅಂತಲ್ಲ. ಕೌಂಟರಿನ ನೋಂದಣಿ ಪುಸ್ತಕವೂ ಪಕ್ಕದಲ್ಲಿರಲಿ.)

ಅಂಕಿ ಇದ್ದಕ್ಕಿದ್ದಂತೆ ಇಮ್ಮಡಿಯಾಗಿದ್ದರೆ ಹಿಗ್ಗಬೇಡಿ. ಥೀಮಿನಲ್ಲೊಂದು, ಪ್ಲಗಿನ್‌ನಲ್ಲೊಂದು, ಟ್ಯಾಗ್ ಮ್ಯಾನೇಜರಿನಲ್ಲೊಂದು ಎಂದು ಅದೇ ಅನಲಿಟಿಕ್ಸ್ ಕೋಡ್ ಕೂತಿರುತ್ತದೆ. ಯಾವ ಕೋಡ್ ಓಡಿತೆಂದು ತೋರಿಸುವ ಟ್ಯಾಗ್ ಅಸಿಸ್ಟೆಂಟ್‌ನಲ್ಲಿ ಒಂದೇ ಪುಟಕ್ಕೆ ಎರಡು ‘ಪೇಜ್ ವ್ಯೂ’ ಕಂಡರೆ ಒಂದನ್ನು ಕಿತ್ತುಹಾಕಿ.

ಸಂಘದ ಸಿಬ್ಬಂದಿಯೇ ತಾಣ ನೋಡಿದ್ದನ್ನು ಲೆಕ್ಕದಿಂದ ಬೇರ್ಪಡಿಸುವುದು ಇನ್ನೂ ತೊಡಕು. ಐಪಿ ವಿಳಾಸದ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಮೇಲೆ ಸೋಸುವುದು ಸ್ಥಿರ ಐಪಿ ಇರುವ ಕಚೇರಿಗೆ ಸರಿ. ಮೊಬೈಲ್ ಡೇಟಾದಲ್ಲಿ ಐಪಿ ಬದಲಾಗುತ್ತಲೇ ಇರುತ್ತದೆ. ಸಿಬ್ಬಂದಿಗೆ ಬೇರೆಯೇ ಲಿಂಕ್ ಕೊಟ್ಟು ಅವರ ಬ್ರೌಸರಿನಲ್ಲಿ ಕುಕೀ (ಬ್ರೌಸರ್ ನೆನಪಿಡುವ ಪುಟ್ಟ ಗುರುತು) ಉಳಿಸಿ, ಆ ಕುಕೀ ಇದ್ದಾಗ ‘ಇಂಟರ್ನಲ್’ ಎಂಬ ಗುರುತು ಕಳಿಸುವುದು ಮೇಲು. ಸೋಸುವ ಫಿಲ್ಟರ್ ಮೊದಲಿಗೆ ‘ಟೆಸ್ಟಿಂಗ್’ ಸ್ಥಿತಿಯಲ್ಲಿರುತ್ತದೆ, ಆಗ ಏನನ್ನೂ ತೆಗೆಯದು. ‘ಆ್ಯಕ್ಟಿವ್’ ಮಾಡಿದ ಮೇಲೆ ತೆಗೆದದ್ದು ಮರಳಿ ಬಾರದು.

ಮೊಬೈಲ್ ಐಪಿ ಊರನ್ನು ಸರಿಯಾಗಿ ಹೇಳದ್ದರಿಂದ ಇಳಕಲ್ಲಿನ ಓದುಗ ಬೆಂಗಳೂರಿನವನಾಗಿ ಕಾಣಬಹುದು. ಊರುವಾರು ವರದಿ ನಂಬಿ ಜಾಹೀರಾತಿಗೆ ದುಡ್ಡು ಹಾಕಬೇಡಿ.

ವಾಟ್ಸಾಪ್ ಗುಂಪುಗಳಿಂದ ಬಂದವರು ಹೆಚ್ಚಾಗಿ ‘ಡೈರೆಕ್ಟ್’ (ಎಲ್ಲಿಂದ ಬಂದರೆಂದು ತಿಳಿಯದವರು) ಲೆಕ್ಕಕ್ಕೆ ಸೇರುತ್ತಾರೆ. ಹಂಚುವ ಲಿಂಕಿಗೆ ಯುಟಿಎಂ (ಮೂಲ ಹೇಳುವ ಬಾಲ) ಹಚ್ಚಿ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೆರೆತರೆ ಒಂದೇ ಮೂಲ ಎರಡು ಸಾಲಾಗುತ್ತದೆ.

ಪಿಡಿಎಫ್‌ಗೆ ಕನ್ನಡದ ಉದ್ದ ಹೆಸರಿಟ್ಟರೂ ಪೇಚು. ಲಿಂಕಿನಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆ 9 ಅಕ್ಷರವಾಗಿ ಹಿಗ್ಗುತ್ತದೆ, ಅನಲಿಟಿಕ್ಸ್ ದಾಖಲಿಸುವ ಒಂದೊಂದು ವಿವರದ (ಪ್ಯಾರಾಮೀಟರ್) ಸಾಮಾನ್ಯ ಮಿತಿ 100 ಅಕ್ಷರ. ‘ಇಳಕಲ್’ ಒಂದಕ್ಕೇ 45 ಹೋಯಿತು.

ಅನಲಿಟಿಕ್ಸ್‌ನಲ್ಲಿ ನಾವೇ ಕಟ್ಟಿಕೊಳ್ಳುವ ಎಕ್ಸ್‌ಪ್ಲೊರೇಷನ್ ವರದಿಗೆ ದತ್ತಾಂಶ ಉಳಿಯುವ ಅವಧಿ ಮೊದಲಿಗೆ 2 ತಿಂಗಳು. ಈಗಲೇ 14ಕ್ಕೆ ಏರಿಸದಿದ್ದರೆ ಹೋದ ದೀಪಾವಳಿಯನ್ನು ಈ ದೀಪಾವಳಿಯೊಂದಿಗೆ ಅಲ್ಲಿ ಹೋಲಿಸಲಾಗದು.

ವಿಚಾರಣೆ ಫಾರ್ಮ್ ತುಂಬಿದ ಮೇಲೆ ತೆರೆಯುವ ಧನ್ಯವಾದ ಪುಟದ ವಿಳಾಸವನ್ನೂ ಓದಿ. ಅದರಲ್ಲಿ ಗ್ರಾಹಕರ ಮೊಬೈಲ್ ನಂಬರ್ ಸೇರಿಕೊಂಡಿದ್ದರೆ ನೇರ ಗೂಗಲ್‌ಗೆ ಹೋಗುತ್ತಿದೆ. ಅದು ಅನಲಿಟಿಕ್ಸ್ ನಿಯಮಕ್ಕೆ ವಿರುದ್ಧ. ಫಾರ್ಮನ್ನು, ತುಂಬಿದ್ದನ್ನು ವಿಳಾಸಕ್ಕೇ ಸೇರಿಸುವ ‘ಗೆಟ್’ ವಿಧಾನ ಬಿಟ್ಟು, ಹಾಗೆ ಸೇರಿಸದ ‘ಪೋಸ್ಟ್’ಗೆ ಬದಲಿಸಿ.