“ಗೊತ್ತಾಯ್ತಾ?” ಅಂತ ಕೇಳಿದರೆ ಸಾಲದು

ಇಂಗ್ಲೆಂಡಿನ ಲೆಸ್ಟರ್‌ನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಊರಿನ ಟೀಚರ್ ಗೆಳತಿಯರು ಫೋನ್ ಮಾಡಿದಾಗೆಲ್ಲ ಕೇಳುವುದು ಸ್ಮಾರ್ಟ್ ಬೋರ್ಡ್ ಬಗ್ಗೆ. ಅದೂ ಇದೆ. ಆದರೆ ಜಾಸ್ತಿ ಉಪಯೋಗಕ್ಕೆ ಬರುವುದು ಪ್ರತಿ ಮಗುವಿನ ಕೈಯಲ್ಲಿರುವ ಪುಟ್ಟ ಬಿಳಿ ಹಲಗೆ, ಒಂದು ಮಾರ್ಕರ್ ಪೆನ್ನು, ಒರೆಸೋಕೆ ಬಟ್ಟೆ ಚೂರು. ನಮ್ಮ ಸ್ಲೇಟೇ ಅಂದುಕೊಳ್ಳಿ.

ಮೊನ್ನೆ ಹನ್ನೆರಡು ವರ್ಷದ ಮಕ್ಕಳಿಗೆ 1/2 + 1/3 ಕೊಟ್ಟೆ. ಎಲ್ಲರೂ ಬರೆದು, ಹಲಗೆ ಮಗುಚಿಟ್ಟುಕೊಂಡು, ನಾನು ಹೇಳಿದಾಗ ಒಟ್ಟಿಗೆ ಎತ್ತಬೇಕು. ಎತ್ತಿದರು. ಎಷ್ಟೋ ಹಲಗೆಗಳಲ್ಲಿ 2/5! ಮೇಲಿನವನ್ನು ಕೂಡಿ ಮೇಲೆ, ಕೆಳಗಿನವನ್ನು ಕೂಡಿ ಕೆಳಗೆ ಬರೆದಿದ್ದರು. ಕೈಯೆತ್ತಿದ ಜಾಣೆಯೊಬ್ಬಳನ್ನು ಮಾತ್ರ ಕೇಳಿದ್ದರೆ 5/6 ಅನ್ನುತ್ತಿದ್ದಳು, ನಾನೂ ಖುಷಿಯಾಗಿ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ, ಉಳಿದವರು ಅಲ್ಲೇ ಉಳಿಯುತ್ತಿದ್ದರು ಅಲ್ವಾ? “ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಆಗುತ್ತಾ?” ಅಂತ ಕೇಳಿದೆ. ಒಬ್ಬ ಹುಡುಗ ತನ್ನ 2/5 ಅನ್ನೇ ದಿಟ್ಟಿಸಿ ನೋಡಿ, ತಾನಾಗಿಯೇ ಒರೆಸಿದ.

ಪ್ರಶ್ನೆ ಕೇಳಿ ಕಾಯುವುದೂ ಮುಖ್ಯ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಟೀಚರ್‌ಗಳು ಸಾಮಾನ್ಯವಾಗಿ ಕಾಯುವುದು 1 ಸೆಕೆಂಡಿನಷ್ಟು. 3 ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ನೆ ಕೂರುವ ಮಕ್ಕಳೂ ಬಾಯಿಬಿಡುತ್ತಾರೆ.

ಇನ್ನೊಂದು, ಪಿರಿಯಡ್ಡು ಶುರುವಾಗುವುದೇ ಹಳೇ ಪಾಠದ ನಾಲ್ಕೈದು ಪ್ರಶ್ನೆಗಳಿಂದ. ನಿನ್ನೆಯದು, ಹೋದ ವಾರದ್ದು, ಹೋದ ಟರ್ಮಿನದು. ಪುಸ್ತಕ ಮುಚ್ಚಿರಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ವಾರ ಕಳೆದು ಕೇಳಿದರೆ ನೆನಪಿನಿಂದ ಬರೆದವರು ಮುಂದೆ! ಪರೀಕ್ಷೆ ಹಿಂದಿನ ರಾತ್ರಿ ಓದಿದ್ದು ಯಾಕೆ ನಿಲ್ಲುವುದಿಲ್ಲ ಅಂತ ನನಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೆ. ಆದರೆ ಈ ಪ್ರಶ್ನೆಗಳಿಗೆ ಮಾರ್ಕ್ಸ್ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾರ್ಕ್ಸ್ ಬಂತೆಂದರೆ ಮಕ್ಕಳು ಪಕ್ಕದವರದನ್ನು ನೋಡಿ ಬರೆಯುತ್ತಾರೆ, ಯಾರಿಗೆ ಏನು ಬರಲ್ಲ ಅನ್ನೋದು ನಮಗೆ ಗೊತ್ತೇ ಆಗುವುದಿಲ್ಲ.

ಅರವತ್ತು ಮಕ್ಕಳ ಕ್ಲಾಸಿನಲ್ಲಿ ಇದೆಲ್ಲ ಆಗುತ್ತೇನೇ ಅಂತ ಗೆಳತಿ ಕೇಳಿದಳು. ಅಲ್ಲೇ ಕಣೇ ಇದು ಜಾಸ್ತಿ ಬೇಕಿರೋದು ಅಂದೆ. ಸ್ಲೇಟು ಬಳಪ ಸಾಕು, ಇಲ್ಲದಿದ್ದರೆ ರಫ್ ನೋಟಿನ ಹಾಳೆ. ಅಕ್ಷರ ದೊಡ್ಡದಾಗಿರಲಿ, ಹಿಂದಿನ ಬೆಂಚಿನದೂ ಕಾಣಬೇಕು.